ಅರ್ಧ ಅಂದ್ರೆ ಅರ್ಧ: ಬಿದ್ರಿ ಕ್ಯಾಟಲಾಗಿನ ಚಿತ್ರಗಳನ್ನು ಸ್ಕ್ರಿಪ್ಟಿನಿಂದ ಅಳತೆಗೆ ತಂದ ಲೆಕ್ಕ

ನಿನ್ನೆ ಸಂಜೆ ಪಿಡಿಎಫ್ ಪ್ರೆಸ್ಸಿಗೆ ಹೋಯಿತು. 48 ಪುಟ, 84 ಸಾಮಾನು. ಕಫ್‌ಲಿಂಕಿನಂಥ ಸಣ್ಣವು ಇದ್ದ ಹಾಗೇ ಪೂರ್ತಿ ಅಳತೆಯಲ್ಲಿವೆ. ಉಳಿದದ್ದೆಲ್ಲ ನಿಜವಾದ ಅಳತೆಯ ಸರಿಯಾಗಿ ಅರ್ಧ. ಕೆಲಸ ಇನ್ನೂ ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಪುಟ ಜೋಡಿಸುವ ಸ್ಕ್ರೈಬಸ್ ಸಾಫ್ಟ್‌ವೇರಿನಲ್ಲಿ ಇಂಥ ಕೆಲಸ ಮಾಡುವ ಇನ್ನೊಬ್ಬರಿಗೆ ನನ್ನ ತಪ್ಪುಗಳಿಂದ ಒಂದೆರಡು ದಿನ ಉಳಿದರೂ ಸಾಕು.

ನನ್ನದು ಬೀದರಿನ ಉದಗೀರ ರಸ್ತೆಯಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ, ಇದೇ ದಿನದ ಕೆಲಸ. ಚೌಬಾರದ ಹತ್ತಿರ ಬಿದ್ರಿ ಕೆಲಸ ಮಾಡುವ ಚಾಚಾ ಒಬ್ಬರು ಕ್ಯಾಟಲಾಗ್ ಬೇಕು ಅಂತ ಬಂದರು. ಅವರ ಷರತ್ತು ಒಂದೇ.

"ಬೇಟಾ, ಫೋಟೊದಾಗ ಎಲ್ಲಾ ಸಾಮಾನ ಒಂದೇ ಸೈಜ್ ಕಾಣ್ತಾವ. ಗಿರಾಕಿ ದೊಡ್ಡದ ಅದಾ ಅನ್ಕೊಂಡು ತರಸ್ತಾನ. ಡಬ್ಬಿ ಬಿಚ್ಚಿದ್ರ ಸಣ್ಣದು. ತಿರುಗಿ ಕಳಸ್ತಾನ. ನನಗ ಕಾಗದದ ಮ್ಯಾಲ ಅರ್ಧ ಅಂದ್ರ ಅರ್ಧ ಬೇಕು."

ಅವರು ಹೇಳಿದ್ದು ಸರಿ ಅನ್ನಿಸಿತು. ಸತು ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಬಡಿದು, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಕುದಿಸಿ ಕಪ್ಪು ಮಾಡಿದ ಸಾಮಾನು. ಅದಕ್ಕೆ ಪಟ್ಟ ಶ್ರಮ ಗೊತ್ತಿದ್ದವರು ಅದನ್ನು ತಪ್ಪು ಅಳತೆಯಲ್ಲಿ ತೋರಿಸಬಾರದು. ಒಪ್ಪಿಕೊಂಡೆ.

ನವೆಂಬರ್ 3: ಕೈಯಿಂದ ಮಾಡಿ ನೋಡಿದ್ದು

ಮೊದಲ ದಿನ ಸ್ಕ್ರಿಪ್ಟಿನ, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಮಿನ, ಯೋಚನೆಯೇ ಇರಲಿಲ್ಲ. ಫೋಟೊ ತೆಗೆಯುವಾಗ ಪ್ರತಿ ಸಾಮಾನಿನ ಹತ್ತಿರ ಒಂದು ಸ್ಟೀಲ್ ಸ್ಕೇಲ್ ಇಟ್ಟಿದ್ದೆವು. ಚಿತ್ರವನ್ನು ಪುಟದ ಮೇಲೆ ಹಾಕಿ, ಸ್ಕೇಲಿನ 100 ಮಿ.ಮೀ. ಕಾಗದದ ಮೇಲೆ 50 ಮಿ.ಮೀ. ಆಗುವ ತನಕ ಶೇಕಡಾ ಬದಲಿಸಿದೆ. 12 ಚಿತ್ರಕ್ಕೆ 3 ಗಂಟೆ ಹಿಡಿಯಿತು. ಆಗ ಪಟ್ಟಿಯಲ್ಲಿ 86 ಸಾಮಾನು ಇದ್ದವು. ಅಂದರೆ ಇಪ್ಪತ್ತೊಂದೂವರೆ ಗಂಟೆ. ರಾತ್ರಿ ತಿರುಗಿ ನೋಡಿದಾಗ 12ರಲ್ಲಿ 2 ತಪ್ಪಿದ್ದವು. ಒಂದರಲ್ಲಿ ಅಡ್ಡ ಶೇಕಡಾ ಮಾತ್ರ ಬದಲಾಗಿ ಪಾನ್‌ದಾನ್, ಅಂದರೆ ಎಲೆ ಅಡಿಕೆ ಡಬ್ಬಿ, ಚಪ್ಪಟೆಯಾಗಿತ್ತು.

ತಪ್ಪು ಕಣ್ಣಿಗೆ ಬೀಳದೆ ಉಳಿಯುತ್ತದೆ ಅನ್ನುವುದೇ ನನಗೆ ಜಾಸ್ತಿ ಹೆದರಿಕೆ ತಂದಿತು. ಸ್ಕ್ರೈಬಸ್ 1.6ರ ಒಳಗೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದೆ. ಸ್ಕ್ರಿಪ್ಟ್ ಮೆನುವಿನಿಂದ ಫೈಲ್ ಓಡಿಸಬಹುದು. ನನಗೆ ಬರುವುದು ಅಷ್ಟಿಷ್ಟು ಪೈಥಾನ್, ಹತ್ತು ಸಾಲು ಬರೆದು ತಿದ್ದಿಕೊಳ್ಳುವಷ್ಟು. ಅದರಲ್ಲೇ ಶುರು ಮಾಡಿದೆ.

ನವೆಂಬರ್ 5: ಪಟ್ಟಿ

ಒಂದು ಸಿಎಸ್‌ವಿ ಫೈಲ್ ಮಾಡಿದೆ, ಅಂದರೆ ಸಾಲು ಕಾಲಂಗಳ ಸಾದಾ ಪಟ್ಟಿ. ಸಾಮಾನಿನ ಸಂಖ್ಯೆ, ಫೋಟೊ ಫೈಲಿನ ಹೆಸರು, ಫೋಟೊದಲ್ಲಿ ಸ್ಕೇಲಿನ 100 ಮಿ.ಮೀ.ಗೆ ಎಷ್ಟು ಪಿಕ್ಸೆಲ್, ಮತ್ತು ಅನುಪಾತ. ಅನುಪಾತ ಅಂದರೆ 0.5 ಅಥವಾ 1. ಪಿಕ್ಸೆಲ್ ಎಣಿಸಲು ಚಿತ್ರ ತಿದ್ದುವ ಗಿಂಪ್ ಸಾಫ್ಟ್‌ವೇರಿನಲ್ಲಿ ಅಳೆಯುವ ಟೂಲ್ ಇದೆ. ಸ್ಕೇಲಿನ ಸೊನ್ನೆಯ ಗೆರೆಯಿಂದ 10 ಸೆಂ.ಮೀ. ಗೆರೆಗೆ ಎಳೆದರೆ ಕೆಳಗೆ ಸಂಖ್ಯೆ ಬರುತ್ತದೆ. ಒಂದು ಚಿತ್ರಕ್ಕೆ ಒಂದು ನಿಮಿಷ. ಅಂಗಡಿಯ ಹುಡುಗ ಓದುತ್ತಾ ಹೋದ, ನಾನು ಬರೆಯುತ್ತಾ ಹೋದೆ.

ಪುಟದ ಮೇಲೆ ಚಿತ್ರ ಕೂರುವ ಪ್ರತಿ ಫ್ರೇಮಿಗೂ ಸಾಮಾನಿನ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟೆ. ಸ್ಕ್ರಿಪ್ಟು ಫ್ರೇಮನ್ನು ಹುಡುಕುವುದು ಹೆಸರಿನಿಂದಲೇ. ಸ್ಕ್ರೈಬಸ್ ತಾನಾಗಿ ಕೊಡುವ ಹೆಸರು ಬಿಟ್ಟರೆ ಯಾವುದು ಯಾವುದರದ್ದು ಅಂತ ಒಂದು ವಾರದ ಮೇಲೆ ನಮಗೇ ತಿಳಿಯುವುದಿಲ್ಲ. ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಯಾಗಿದ್ದು ಇದೊಂದೇ.

ನವೆಂಬರ್ 7: ಫ್ರೇಮ್ ಬೇರೆ, ಚಿತ್ರ ಬೇರೆ

ಮೊದಲ ಸ್ಕ್ರಿಪ್ಟು. ಸೈಜ್‌ಆಬ್ಜೆಕ್ಟ್ ಅನ್ನುವ ಆದೇಶಕ್ಕೆ ಅಗಲ, ಎತ್ತರ, ಹೆಸರು ಕೊಟ್ಟೆ. ಓಡಿಸಿದೆ. ಎಲ್ಲ ಫ್ರೇಮುಗಳೂ ಅಂಚೆ ಚೀಟಿಯಷ್ಟು ಆದವು.

ಕಾರಣ ಹುಡುಕಲು ಅರ್ಧ ಗಂಟೆ ಬೇಕಾಯಿತು. ಡಾಕ್ಯುಮೆಂಟ್ ಪಾಯಿಂಟ್‌ನಲ್ಲಿ ತೆರೆದಿತ್ತು. ಸ್ಕ್ರಿಪ್ಟಿಗೆ ಕೊಟ್ಟ ಅಂಕೆಯನ್ನು ಅದು ಡಾಕ್ಯುಮೆಂಟಿನ ಯುನಿಟ್‌ನಲ್ಲೇ ಓದುತ್ತದೆ. ನಾನು 92 ಅಂದದ್ದು 92 ಮಿ.ಮೀ. ಅಂತ. ಅದು ತಗೊಂಡದ್ದು 92 ಪಾಯಿಂಟ್, ಅಂದರೆ 32.5 ಮಿ.ಮೀ. ಈಗ ನನ್ನ ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲು ಸೆಟ್‌ಯುನಿಟ್, ಮಿಲಿಮೀಟರ್. ಕೊನೆಯ ಸಾಲು ಹಳೆಯ ಯುನಿಟ್ ವಾಪಸ್.

ಅದನ್ನು ತಿದ್ದಿದ ಮೇಲೆ ಫ್ರೇಮಿನ ಅಳತೆ ಸರಿ ಬಂತು, ಚಿತ್ರ ಬರಲಿಲ್ಲ. ಫ್ರೇಮ್ ಕಿರಿದಾಯಿತು, ಒಳಗಿನ ಚಿತ್ರ ಇದ್ದಷ್ಟೇ ಉಳಿಯಿತು. ಸುರಾಹಿಯ, ಅಂದರೆ ಹೂಜಿಯ, ಕುತ್ತಿಗೆ ಮಾತ್ರ ಕಾಣುತ್ತಿತ್ತು. ಕಿಟಕಿ ಚಿಕ್ಕದು ಮಾಡಿದರೆ ಹೊರಗಿನ ಮರ ಚಿಕ್ಕದಾಗುವುದಿಲ್ಲ, ಅಲ್ವಾ?

ಚಿತ್ರವನ್ನು ಫ್ರೇಮಿಗೆ ಹೊಂದಿಸುವ ಆದೇಶವೂ ಇದೆ. ಅದನ್ನು ಹಾಕಿದೆ. ನೋಡಲು ಚೆನ್ನಾಗಿ ಕಂಡಿತು. ಅಳೆದರೆ ತಪ್ಪು. ಪ್ರತಿ ಫೋಟೊದಲ್ಲೂ ಸಾಮಾನಿನ ಸುತ್ತ ಖಾಲಿ ಜಾಗ ಬೇರೆ ಬೇರೆ. ಫ್ರೇಮಿಗೆ ಹೊಂದುವುದು ಇಡೀ ಫೋಟೊ, ಸಾಮಾನಲ್ಲ. ಆ ದಾರಿ ಅಲ್ಲಿಗೇ ಬಿಟ್ಟೆ. ಬಿಡುವಾಗ ಆ ಹೊಂದಿಕೆಯನ್ನು ಎಲ್ಲ ಫ್ರೇಮುಗಳಲ್ಲೂ ಆಫ್ ಮಾಡಿಸಿದೆ.

ನವೆಂಬರ್ 8 ಮತ್ತು 9: ಹೋಲುವ ಹೆಸರಿನ ಎರಡು ಆದೇಶಗಳು

ಈ ಎರಡು ದಿನ ಪೂರ್ತಿ ಒಂದೇ ತಪ್ಪಿಗೆ ಹೋದವು. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಮೊದಲು ಲೆಕ್ಕ. ಕ್ಯಾಮೆರಾದಲ್ಲಿ ತೆಗೆದ ಒಂದು ಪಾನ್‌ದಾನ್ ಫೋಟೊದಲ್ಲಿ 100 ಮಿ.ಮೀ.ಗೆ 1840 ಪಿಕ್ಸೆಲ್ ಇತ್ತು. ಅಂದರೆ ಒಂದು ಮಿ.ಮೀ.ಗೆ 18.4. ಫೈಲಿನ ಒಳಗೆ 300 ಡಿಪಿಐ, ಅಂದರೆ ಇಂಚಿಗೆ 300 ಪಿಕ್ಸೆಲ್, ಅಂತ ಬರೆದಿತ್ತು. ಚಿತ್ರವನ್ನು ಎಷ್ಟಕ್ಕೆ ಇಳಿಸಬೇಕು ಅಂದರೆ, 300ನ್ನು 0.5ರಿಂದ ಗುಣಿಸಿ, ಬಂದದ್ದನ್ನು 18.4 ಮತ್ತು 25.4ರ (ಒಂದು ಇಂಚಿನ ಮಿ.ಮೀ.) ಗುಣಲಬ್ಧದಿಂದ ಭಾಗಿಸಬೇಕು. 150 ÷ 467.36 = 0.321. ಶೇ 32.1. ಸ್ಕ್ರೈಬಸ್‌ನ ಪ್ರಾಪರ್ಟೀಸ್ ಪೆಟ್ಟಿಗೆಯಲ್ಲಿ ಕೈಯಿಂದ 32.1 ಹಾಕಿ ನೋಡಿದೆ. ಸರಿಯಾಗಿ ಅರ್ಧ ಬಂತು.

ಅದೇ 0.321ನ್ನು ಸ್ಕ್ರಿಪ್ಟಿನಲ್ಲಿ ಸ್ಕೇಲ್‌ಇಮೇಜ್ ಆದೇಶಕ್ಕೆ ಕೊಟ್ಟೆ. 47.5 ಮಿ.ಮೀ. ಬರಬೇಕಿದ್ದ ಪಾನ್‌ದಾನ್ 198 ಮಿ.ಮೀ. ಆಯಿತು. ಫ್ರೇಮಿನಲ್ಲಿ ಕಪ್ಪು ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ.

ದಾರಿ ತಪ್ಪಿಸಿದ್ದು ಏನಂದರೆ, ಎಲ್ಲ ಚಿತ್ರಗಳೂ ಕೆಡಲಿಲ್ಲ. 86ರಲ್ಲಿ 19 ಸರಿಯಾಗಿ ಬಂದವು. ಹಾಗಾಗಿ ನನ್ನ ಲೆಕ್ಕ ಸರಿ, ಪಟ್ಟಿಯಲ್ಲಿ ಪಿಕ್ಸೆಲ್ ತಪ್ಪು ಬರೆದಿದ್ದೇವೆ ಅಂದುಕೊಂಡೆ. ಉಳಿದ 67 ಚಿತ್ರಗಳ ಪಿಕ್ಸೆಲ್ ಮತ್ತೆ ಎಣಿಸಿದೆವು. ಎಲ್ಲವೂ ಸರಿಯೇ ಇದ್ದವು. ಒಂದು ದಿನ ಸುಮ್ನೆ ಹೋಯಿತು.

ಮರುದಿನ ಬೆಳಿಗ್ಗೆ ಆ 19 ಫೈಲುಗಳನ್ನು ಒಂದು ಕಡೆ ಇಟ್ಟು ನೋಡಿದೆ. ಅವೆಲ್ಲ ಮೊಬೈಲಿನಲ್ಲಿ ತೆಗೆದವು. ಅವುಗಳ ಒಳಗೆ 72 ಡಿಪಿಐ ಅಂತ ಬರೆದಿತ್ತು. ಕ್ಯಾಮೆರಾದವುಗಳಲ್ಲಿ 300. ಆಗ ಹೊಳೆಯಿತು. ಸ್ಕ್ರೈಬಸ್‌ನ ಸಹಾಯ ಪುಟ ತೆಗೆದು ಓದಿದೆ. ಸ್ಕೇಲ್‌ಇಮೇಜ್ ಮುಟ್ಟುವುದು ಸ್ಕ್ರೈಬಸ್ ತನ್ನೊಳಗೆ ಇಟ್ಟುಕೊಂಡ ಅಳತೆಯನ್ನು. ಅದು ಪ್ರಾಪರ್ಟೀಸ್‌ನಲ್ಲಿ ಕಾಣುವ ಶೇಕಡಾ ಅಲ್ಲ. ಒಳಗಿನ ಅಳತೆಗೆ 72 ಡಿಪಿಐ ಆಧಾರ. 300 ಡಿಪಿಐ ಚಿತ್ರ ನಮಗೆ ಶೇ 100 ಅಂತ ಕಾಣುವಾಗ ಒಳಗೆ ಅದು 0.24. ನಾನು 0.321 ಅಂದಾಗ ಅದು ಶೇ 134ರ ಹತ್ತಿರ ಹೋಯಿತು. 72ರ ಚಿತ್ರಕ್ಕೆ ಎರಡೂ ಒಂದೇ ಆಗುವುದರಿಂದ ಮೊಬೈಲ್ ಚಿತ್ರಗಳು ಸರಿ ಬಂದವು.

ಪ್ರಾಪರ್ಟೀಸ್ ಪೆಟ್ಟಿಗೆಯಲ್ಲಿ ಕಾಣುವ ಶೇಕಡಾ ಬೇಕಾದರೆ ಬಳಸಬೇಕಾದ್ದು ಸೆಟ್‌ಇಮೇಜ್‌ಸ್ಕೇಲ್. ಒಂದು ಪದ ಬದಲಿಸಿದೆ. ಓಡಿಸಿದರೆ 86 ಚಿತ್ರವೂ ಹತ್ತು ಸೆಕೆಂಡಿನಲ್ಲಿ ಜಾಗಕ್ಕೆ ಬಂದವು. ಹುಡುಗ ಎದ್ದು ಚಹಾ ತರಲು ಓಡಿದ.

ನವೆಂಬರ್ 11: ಎರಡು ಸಲ ಓಡಿಸಿದರೆ

ಚಿತ್ರ ಸರಿಯಾಯಿತು, ಈಗ ಫ್ರೇಮನ್ನು ಅದರ ಸುತ್ತ ಬಿಗಿ ಮಾಡಬೇಕು. ಫ್ರೇಮಿನ ಈಗಿನ ಅಳತೆಯನ್ನು ಗೆಟ್‌ಸೈಜ್‌ನಿಂದ ಕೇಳಿ, ಅನುಪಾತದಿಂದ ಗುಣಿಸಿ, ಸೈಜ್‌ಆಬ್ಜೆಕ್ಟ್‌ಗೆ ಕೊಡುವಂತೆ ಬರೆದೆ. ಒಂದು ಸಲ ಓಡಿತು, ಸರಿ ಬಂತು. ಒಂದು ಅಕ್ಷರ ತಪ್ಪು ತಿದ್ದಿ ಮತ್ತೆ ಓಡಿಸಿದೆ. ಅರ್ಧ ಅಳತೆಯ ಫ್ರೇಮುಗಳೆಲ್ಲ ಇನ್ನೂ ಅರ್ಧ ಆದವು. ಮೂರನೆಯ ಸಲ ಕಾಲು ಭಾಗ.

ಈಗಿನ ಅಳತೆಯಿಂದ ಲೆಕ್ಕ ಹಾಕಿದರೆ ಹೀಗೇ ಆಗುವುದು. ಮೂಲ ಅಳತೆ ಪಟ್ಟಿಯಲ್ಲಿದೆ. ಅಲ್ಲಿಂದಲೇ ತೆಗೆಯಬೇಕು. ಫೋಟೊದ ಅಗಲ ಪಿಕ್ಸೆಲ್‌ನಲ್ಲಿ, ಅದನ್ನು ಒಂದು ಮಿ.ಮೀ.ಯ ಪಿಕ್ಸೆಲ್‌ನಿಂದ ಭಾಗಿಸಿ, ಅನುಪಾತದಿಂದ ಗುಣಿಸಿದರೆ ಫ್ರೇಮಿನ ಅಗಲ. ಇದನ್ನು ನೂರು ಸಲ ಓಡಿಸಿದರೂ ಉತ್ತರ ಒಂದೇ. ಈ ಕೆಲಸದಲ್ಲಿ ಬೇರೆ ಏನು ಮರೆತರೂ ಇದನ್ನು ಮಾತ್ರ ಮರೆಯಬೇಡಿ ಅಂತ ಕೈ ಮುಗಿದು ಹೇಳುತ್ತೇನೆ. ಪುಟದ ಮೇಲಿರುವ ಅಳತೆ ನಾವೇ ಬದಲಿಸಿದ್ದು, ಅದನ್ನು ನಂಬಿ ಮುಂದಿನ ಲೆಕ್ಕ ಹಾಕಬಾರದು.

ಇನ್ನೊಂದು ಸಂಗತಿ. ಸೈಜ್‌ಆಬ್ಜೆಕ್ಟ್ ಮೇಲಿನ ಎಡ ಮೂಲೆಯನ್ನು ಹಿಡಿದಿಟ್ಟು ಉಳಿದದ್ದನ್ನು ಎಳೆಯುತ್ತದೆ. ಹಾಗಾಗಿ ಒಂದೇ ಸಾಲಿನ ಮೂರು ಹೂದಾನಿಗಳು ತಲೆ ಸಮ ಆಗಿ, ಬುಡ ಗಾಳಿಯಲ್ಲಿ ನೇತಾಡಿದವು. ಅವು ಒಂದು ಗೆರೆಯ ಮೇಲೆ ನಿಲ್ಲಬೇಕಲ್ಲ. ಪ್ರತಿ ಸಾಲಿಗೂ ನೆಲದ ಗೆರೆ ಎಲ್ಲಿ ಅಂತ ಪಟ್ಟಿಯಲ್ಲಿ ಬರೆದು, ಆ ಅಂಕೆಯಿಂದ ಫ್ರೇಮಿನ ಎತ್ತರ ಕಳೆದು, ಮೂವ್‌ಆಬ್ಜೆಕ್ಟ್‌ಆ್ಯಬ್ಸ್‌ನಿಂದ ಅಲ್ಲಿಗೆ ಸರಿಸಿದೆ. ಫೋಟೊಗಳನ್ನು ಗಿಂಪ್‌ನಲ್ಲಿ ಸಾಮಾನಿನ ಬುಡಕ್ಕೆ ಸರಿಯಾಗಿ ಕತ್ತರಿಸಬೇಕಾಯಿತು. ಕತ್ತರಿಸಿದರೆ ಒಂದು ಮಿ.ಮೀ.ಯ ಪಿಕ್ಸೆಲ್ ಬದಲಾಗುವುದಿಲ್ಲ. ಹಾಗಾಗಿ ಪಟ್ಟಿಯ ಆ ಕಾಲಂ ಹಾಗೇ ಉಳಿಯುತ್ತದೆ.

ನವೆಂಬರ್ 12: ಏಳು ಚಿತ್ರ ಕೆಟ್ಟದ್ದು

ಮರುದಿನ ನೋಡಿದರೆ ಏಳು ಸಾಮಾನುಗಳು ಸಣ್ಣಗಾಗಿದ್ದವು. ಕತ್ತರಿಸುವಾಗ ಹುಡುಗ ಅವುಗಳ ಪಿಕ್ಸೆಲ್ ಕೂಡ ಇಳಿಸಿದ್ದ. ತಪ್ಪು ಅವನದಲ್ಲ. ಫೈಲ್ ದೊಡ್ಡದಾಯಿತು, ಸ್ವಲ್ಪ ಚಿಕ್ಕದು ಮಾಡು ಅಂತ ಹಿಂದಿನ ದಿನ ಹೇಳಿದವನು ನಾನೇ. ಮೂಲ ಫೋಟೊಗಳು ಬೇರೆ ಫೋಲ್ಡರಿನಲ್ಲಿ ಇದ್ದದ್ದರಿಂದ ಬದುಕಿದೆವು. ಆಮೇಲೆ ಸ್ಕ್ರಿಪ್ಟಿನಲ್ಲೇ ಒಂದು ಕಾವಲು ಹಾಕಿದೆ. ಕತ್ತರಿಸಿದ ಫೋಟೊದ ಅಗಲ, ಎತ್ತರ ಪಟ್ಟಿಯಲ್ಲಿ ಇರುತ್ತವೆ. ಫೈಲಿನಲ್ಲಿ ಬೇರೆ ಸಂಖ್ಯೆ ಕಂಡರೆ ಸ್ಕ್ರಿಪ್ಟು ಆ ಸಾಮಾನಿನ ಸಂಖ್ಯೆ ಹೇಳಿ ನಿಲ್ಲುತ್ತದೆ.

ನವೆಂಬರ್ 14: ದಾರದ ಪರೀಕ್ಷೆ

12 ಪುಟದ ಪ್ರೂಫ್ ತೆಗೆಸಿದೆ. ಪುಟಕ್ಕೆ 10 ರೂಪಾಯಿ. ಚಾಚಾ ಬರುವ ಮುಂಚೆ ನಾನೇ ಕ್ಯಾಲಿಪರ್ ಹಿಡಿದು ಅಳೆದೆ. ಎಲ್ಲವೂ ಶೇ 3ರಷ್ಟು ಕಡಿಮೆ. 47.5 ಇರಬೇಕಾದ ಪಾನ್‌ದಾನ್ 46.1. ಎದೆ ಒಡೆಯಿತು. ಆಮೇಲೆ ತಿಳಿಯಿತು, ಪ್ರಿಂಟ್ ಕೊಡುವಾಗ ಪುಟಕ್ಕೆ ಹೊಂದಿಸು ಅನ್ನುವುದು ಆನ್ ಇತ್ತು. ಅದನ್ನು ತೆಗೆದು, ನಿಜ ಅಳತೆ ಅನ್ನುವುದನ್ನು ಆರಿಸಿದರೆ ಸರಿಯಾಯಿತು. ಅವತ್ತಿನಿಂದ ಪ್ರೂಫಿನ ಪ್ರತಿ ಪುಟದ ಬುಡದಲ್ಲಿ ಸ್ಕ್ರಿಪ್ಟು 100 ಮಿ.ಮೀ. ಉದ್ದದ ಒಂದು ಗೆರೆ ಎಳೆಯುತ್ತದೆ. ಮೊದಲು ಆ ಗೆರೆ ಅಳೆಯುವುದು. ಅದು 100 ಇದ್ದರೆ ಮಾತ್ರ ಮುಂದಿನ ಮಾತು.

ಮಧ್ಯಾಹ್ನ ಚಾಚಾ ಬಂದರು. ಜೊತೆಗೆ ನಾಲ್ಕು ಸಾಮಾನು ತಂದಿದ್ದರು. ನನ್ನ ಕ್ಯಾಲಿಪರ್ ಕಡೆ ನೋಡಲೂ ಇಲ್ಲ. ಕಿಸೆಯಿಂದ ಬಿಳಿ ದಾರ ತೆಗೆದರು. ಹೂದಾನಿಯ ಬುಡದಿಂದ ಬಾಯಿಯ ತನಕ ಹಿಡಿದರು. ಆ ಉದ್ದವನ್ನು ಮಡಚಿ ಎರಡು ಮಾಡಿದರು. ಕಾಗದದ ಮೇಲಿನ ಚಿತ್ರಕ್ಕೆ ಇಟ್ಟರು.

ಪಾನ್‌ದಾನ್ ಸರಿ. ತಟ್ಟೆ ಸರಿ. ಹೂದಾನಿಗೆ ಬಂದಾಗ ದಾರ ಸಾಲಲಿಲ್ಲ. ಚಿತ್ರ ಹತ್ತಿರ ಹತ್ತಿರ ಒಂದು ಸೆಂ.ಮೀ. ಉದ್ದ ಇತ್ತು.

"ಇದು ಅರ್ಧ ಅಲ್ಲ ಬೇಟಾ. ನೋಡು."

ನಾನು ಅಳೆದೆ. ಹೂದಾನಿ 184 ಮಿ.ಮೀ. ಕಾಗದದ ಮೇಲೆ 92 ಇರಬೇಕು. ಇದ್ದದ್ದು 101. ಲೆಕ್ಕ ಸರಿ, ಸ್ಕ್ರಿಪ್ಟು ಸರಿ, ಪ್ರಿಂಟು ಸರಿ. ಮತ್ತೆ ಎಲ್ಲಿ ತಪ್ಪು?

ತಪ್ಪು ಫೋಟೊ ತೆಗೆದ ದಿನವೇ ಆಗಿತ್ತು. ನಿಂತ ಸಾಮಾನುಗಳಿಗೆ ನಾವು ಸ್ಕೇಲನ್ನು ಹಿಂದಿನ ಗೋಡೆಗೆ ಒರಗಿಸಿದ್ದೆವು. ಕ್ಯಾಮೆರಾದಿಂದ ಹೂದಾನಿ 80 ಸೆಂ.ಮೀ. ದೂರ, ಸ್ಕೇಲು 88 ಸೆಂ.ಮೀ. ದೂರ. ದೂರದ ಸ್ಕೇಲು ಸಣ್ಣಗೆ ಕಾಣುತ್ತದೆ. ಅದನ್ನು ನಂಬಿ ಅಳೆದರೆ ಹತ್ತಿರದ ಹೂದಾನಿ ಶೇ 10ರಷ್ಟು ದೊಡ್ಡದಾಗಿ ಬರುತ್ತದೆ. ಮಲಗಿಸಿ ಮೇಲಿನಿಂದ ತೆಗೆದ ಚಪ್ಪಟೆ ಸಾಮಾನುಗಳಲ್ಲಿ ಸ್ಕೇಲು ಅವುಗಳ ಪಕ್ಕದಲ್ಲೇ ಇತ್ತು, ಅದಕ್ಕೆ ಅವು ಸರಿ.

ಮೈಲುತುತ್ತದ ನೀರು ಸವರಿದ ಕಪ್ಪು ಮೈಯ ಮೇಲೆ ಯಾವ ಅಚ್ಚೂ ಇಲ್ಲದೆ ಬರೀ ಕೈಯಿಂದ ಬಳ್ಳಿ ಕೆತ್ತುವ ಮನುಷ್ಯ ಚಾಚಾ. ಅವರ ಕಣ್ಣಿಗೆ ಅದು ದಾರ ಇಡುವ ಮುಂಚೆಯೇ ಕಂಡಿತ್ತು ಅಂತ ಆಮೇಲೆ ಹೇಳಿದರು. ನನಗೆ ಕಂಡಿರಲಿಲ್ಲ.

ನವೆಂಬರ್ 15ರಿಂದ 18: ಸ್ಕೇಲನ್ನು ಕೈಬಿಟ್ಟದ್ದು

ನಿಂತ ಸಾಮಾನು 31 ಇದ್ದವು. ಎಲ್ಲವನ್ನೂ ಮತ್ತೆ ಫೋಟೊ ತೆಗೆಯಬೇಕೇ? ಬೇಡ ಅನ್ನಿಸಿತು. ಸ್ಕೇಲಿನ ಪಿಕ್ಸೆಲ್ ಬದಲು ಸಾಮಾನಿನ ಪಿಕ್ಸೆಲ್ಲನ್ನೇ ಎಣಿಸಿದರೆ ಸಾಕು. ಹೂದಾನಿಯ ನಿಜ ಎತ್ತರ ಕೈಯಿಂದ ಅಳೆಯುವುದು. ಫೋಟೊದಲ್ಲಿ ಅದೇ ಎತ್ತರಕ್ಕೆ ಎಷ್ಟು ಪಿಕ್ಸೆಲ್ ಅಂತ ನೋಡುವುದು. ಭಾಗಿಸಿದರೆ ಒಂದು ಮಿ.ಮೀ.ಯ ಪಿಕ್ಸೆಲ್ ಸಿಗುತ್ತದೆ. ಸ್ಕೇಲು ಎಲ್ಲಿತ್ತು ಅನ್ನುವ ಪ್ರಶ್ನೆಯೇ ಇಲ್ಲ.

ನಾಲ್ಕು ಸಂಜೆ ಚಾಚಾನ ಕಾರ್ಖಾನೆಯಲ್ಲಿ ಕೂತು ಅಳೆದೆ. ಡಿಜಿಟಲ್ ಕ್ಯಾಲಿಪರ್ 150 ಮಿ.ಮೀ. ತನಕ ಮಾತ್ರ ಬಿಚ್ಚುತ್ತದೆ. ಅದಕ್ಕಿಂತ ಎತ್ತರದವಕ್ಕೆ ಬಡಗಿಯ ಮೂಲೆಮಟ್ಟ ನಿಲ್ಲಿಸಿ, ಸಾಮಾನಿನ ತುದಿಗೆ ಒಂದು ಚಪ್ಪಟೆ ಪಟ್ಟಿ ಅಡ್ಡ ಇಟ್ಟು ಓದಿದೆ. ಎಲ್ಲಕ್ಕಿಂತ ಎತ್ತರ ಒಂದು ಸುರಾಹಿ, 310 ಮಿ.ಮೀ. ಪ್ರತಿ ಸಾಮಾನನ್ನೂ ಎರಡು ಸಲ ಅಳೆದೆ. ಎರಡು ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೆಯ ಸಲ. ಮುಚ್ಚಳ ಇರುವ ಡಬ್ಬಿಗಳಲ್ಲಿ ಗಮನ ಬೇಕು. ಫೋಟೊದಲ್ಲಿ ಮುಚ್ಚಳ ಹೇಗಿತ್ತೋ ಹಾಗೇ ಕೂರಿಸಿ ಅಳೆಯಬೇಕು.

ಮೊಬೈಲಿನ ಮೂರು ಕಫ್‌ಲಿಂಕ್ ಚಿತ್ರಗಳು ಇಲ್ಲೇ ಸಿಕ್ಕಿಬಿದ್ದವು. ಒಂದು ಮಿ.ಮೀ.ಗೆ 9 ಪಿಕ್ಸೆಲ್ ಇತ್ತು. ಅರ್ಧ ಅಳತೆಗೆ ಅದು ಸಾಕು, 457 ಡಿಪಿಐ ಬರುತ್ತದೆ. ಆದರೆ ಕಫ್‌ಲಿಂಕ್ ಪೂರ್ತಿ ಅಳತೆಯಲ್ಲಿ ಹಾಕುವುದು, ಆಗ 229 ಮಾತ್ರ. ತಾರ್‌ಕಶಿಯ, ಅಂದರೆ ತಂತಿ ಕೆಲಸದ, ಬೆಳ್ಳಿ ಗೆರೆ ಹಲ್ಲು ಹಲ್ಲಾಗಿ ಕಂಡಿತು. ಆ ಮೂರನ್ನು ಹತ್ತಿರದಿಂದ ಮತ್ತೆ ತೆಗೆದೆವು.

18ರ ರಾತ್ರಿ ಹೊಸ ಪಟ್ಟಿಯೊಂದಿಗೆ ಸ್ಕ್ರಿಪ್ಟು ಓಡಿಸಿದೆ. ಕೋಡಿನಲ್ಲಿ ಒಂದು ಸಾಲೂ ಬದಲಿಸಲಿಲ್ಲ. ಪಟ್ಟಿ ಬದಲಾಯಿತು, ಪುಟ ಬದಲಾಯಿತು.

ನವೆಂಬರ್ 20: ಪ್ರೆಸ್ಸಿನಿಂದ ಫೋನು

ಹೈದರಾಬಾದಿನ ಪ್ರೆಸ್ಸು. ಅವರ ಹತ್ತಿರ ಇರುವುದು 23×36 ಇಂಚಿನ ಹಾಳೆ. ಅದರಲ್ಲಿ ಒಂದು ಪುಟಕ್ಕೆ ಸಿಗುವುದು 9×11.5 ಇಂಚು, ಅದರಲ್ಲೇ ಕಟಿಂಗೂ ಹೋಗಬೇಕು. ಎ4 ಎತ್ತರ 11.69 ಇಂಚು. ಕೂರುವುದೇ ಇಲ್ಲ. "8.5×11ಕ್ಕೆ ತನ್ನಿ" ಅಂದರು. ಇದನ್ನು ನಾನು ಕೆಲಸ ಶುರು ಮಾಡುವ ಮುಂಚೆಯೇ ಕೇಳಬೇಕಿತ್ತು. ಕೇಳಲಿಲ್ಲ. ಸಾದಾ ಕರಪತ್ರಗಳ ಅಭ್ಯಾಸದಲ್ಲಿ ಎ4 ಅಂತ ತೆರೆದುಬಿಟ್ಟಿದ್ದೆ.

ಎ4 ಅಂದರೆ 210×297 ಮಿ.ಮೀ. ಹೊಸದು 215.9×279.4. ಅಗಲ 5.9 ಜಾಸ್ತಿ, ಎತ್ತರ 17.6 ಕಡಿಮೆ.

ಗಡಿಬಿಡಿಯಲ್ಲಿ ಸುಲಭದ ದಾರಿ ಹಿಡಿದೆ. ಪ್ರತಿ ಪುಟದಲ್ಲಿ ಎಲ್ಲವನ್ನೂ ಒಂದು ಗ್ರೂಪ್ ಮಾಡಿ ಸ್ಕೇಲ್‌ಗ್ರೂಪ್ ಆದೇಶಕ್ಕೆ 0.9407 ಕೊಟ್ಟೆ. 279.4 ಭಾಗಿಸು 297. ಪುಟಗಳು ಚಂದವಾಗಿ ಕೂತವು. ಪಿಡಿಎಫ್ ಮಾಡಿ ಕಳಿಸುವುದೊಂದೇ ಬಾಕಿ ಇತ್ತು. ಸುಮ್ನೆ ಒಂದು ಸಲ ನೋಡೋಣ ಅಂತ ಹುಕ್ಕಾ ತಳದ ಮೇಲೆ ಒತ್ತಿದೆ. ನಿಜ ಎತ್ತರ 178, ಕಾಗದದ ಮೇಲೆ 89 ಇರಬೇಕು. ಇದ್ದದ್ದು 83.7.

ಕೈ ತಣ್ಣಗಾಯಿತು. ಶೇ 50 ಅಂತ ಪುಟದ ಮೇಲೆ ಅಚ್ಚಾಗುತ್ತದೆ, ಚಿತ್ರ ಇರುವುದು ಶೇ 47. ಚಾಚಾ ದಾರ ಇಟ್ಟಿದ್ದರೆ ಏನು ಹೇಳುತ್ತಿದ್ದೆ?

ನವೆಂಬರ್ 21 ಮತ್ತು 22: ಮೂರು ಜಾತಿ

ಹಿಂದಿನ ದಿನದ ಪ್ರತಿ ತೆರೆದೆ. ದೊಡ್ಡ ಸ್ಕ್ರಿಪ್ಟು ಓಡಿಸುವ ಮುಂಚೆ ಪ್ರತಿ ಸಲ ಫೈಲನ್ನು ತಾರೀಖು ಹಾಕಿ ಬೇರೆ ಹೆಸರಿನಲ್ಲಿ ಉಳಿಸುವ ರೂಢಿ ಇಲ್ಲದಿದ್ದರೆ ಇಲ್ಲಿ ಮುಳುಗುತ್ತಿದ್ದೆ.

ಕೂತು ಯೋಚಿಸಿದಾಗ ಪುಟದ ಮೇಲೆ ಮೂರು ಜಾತಿಯ ವಸ್ತುಗಳಿವೆ ಅಂತ ತಿಳಿಯಿತು. ಸಾಮಾನಿನ ಚಿತ್ರಗಳು ಜಾಗ ಬದಲಿಸಬಹುದು, ಅಳತೆ ಬದಲಿಸುವ ಹಾಗಿಲ್ಲ. ತಲೆಪಟ್ಟಿ, ಗೆರೆ, ಹಿನ್ನೆಲೆ ಬಣ್ಣ ಪುಟದ ಅಗಲಕ್ಕೆ ಹಿಗ್ಗಬೇಕು. ಬರಹದ ಫ್ರೇಮುಗಳು ಅಗಲ ಬದಲಿಸಬಹುದು, ಅಕ್ಷರದ ಅಳತೆ ಮುಟ್ಟಬಾರದು. ಫ್ರೇಮುಗಳ ಹೆಸರಿನ ಮುಂದೆ ಒಂದೊಂದು ಅಕ್ಷರ ಹಾಕಿದೆ. ಚಿತ್ರಕ್ಕೆ ಚಿ, ಪಟ್ಟಿಗೆ ಪ, ಬರಹಕ್ಕೆ ಬ. ಸ್ಕ್ರಿಪ್ಟು ಹೆಸರಿನ ಮೊದಲ ಅಕ್ಷರ ನೋಡಿ ಏನು ಮಾಡಬೇಕು ಅಂತ ತೀರ್ಮಾನಿಸುತ್ತದೆ. ಯಾವ ಅಕ್ಷರವೂ ಇಲ್ಲದ ವಸ್ತು ಸಿಕ್ಕರೆ ಮುಟ್ಟುವುದಿಲ್ಲ, ಹೆಸರು ಮಾತ್ರ ಬರೆದಿಡುತ್ತದೆ. ಹಾಗೆ 14 ವಸ್ತುಗಳ ಹೆಸರು ಬಂತು. ಎಲ್ಲ ನಾನು ಮರೆತ ಸಣ್ಣ ಗೆರೆಗಳು.

ಪುಟದ ಅಳತೆಯನ್ನು ಮಾತ್ರ ಡಾಕ್ಯುಮೆಂಟ್ ಸೆಟಪ್‌ನಲ್ಲಿ ಕೈಯಿಂದ ಬದಲಿಸಿ, ಎಲ್ಲ ಪುಟಗಳಿಗೂ ಅನ್ವಯಿಸು ಅನ್ನುವ ಗುರುತು ಹಾಕಿದೆ. ಆಮೇಲೆ ಸ್ಕ್ರಿಪ್ಟು. ಚಿತ್ರಗಳು ಬಲಕ್ಕೆ 2.95 ಮಿ.ಮೀ. ಸರಿದವು. 17.6 ಮಿ.ಮೀ. ಎತ್ತರವನ್ನು ಮೂರು ಕಡೆಯಿಂದ ತೆಗೆದೆ. ತಲೆಪಟ್ಟಿಯಿಂದ 8, ಬುಡದ ಅಂಚಿನಿಂದ 4, ಎರಡು ಸಾಲುಗಳ ನಡುವಿನಿಂದ 5.6.

ಅಕ್ಷರ 9 ಪಾಯಿಂಟ್‌ಗೆ ಇಳಿಸಿದರೆ ಇನ್ನೂ ಜಾಗ ಸಿಗುತ್ತದೆ ಅಂತ ಗೆಳೆಯರೊಬ್ಬರು ಹೇಳಿದರು. ಮಾಡಿ ನೋಡಿದೆ. ಕನ್ನಡದ ಒತ್ತು ಅಷ್ಟು ಸಣ್ಣದಾದರೆ ಪ್ರಿಂಟಿನಲ್ಲಿ ತುಂಬಿಕೊಳ್ಳುತ್ತದೆ. ಬಿದ್ರಿ ಅನ್ನುವ ಪದದಲ್ಲೇ ಒಂದು ಒತ್ತಿದೆ. ಕ್ಯಾಟಲಾಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪದವೇ ಓದಲು ಬರದಿದ್ದರೆ ಹೇಗೆ? 11 ಪಾಯಿಂಟ್, ಸಾಲಿನ ಅಂತರ 16, ಹಾಗೇ ಬಿಟ್ಟೆ. ಹಳೆಯ 1.4 ಆವೃತ್ತಿಯಲ್ಲಿ ಕನ್ನಡದ ಒತ್ತುಗಳು ಬಿಡಿ ಬಿಡಿಯಾಗಿ ಬೀಳುತ್ತಿದ್ದವು. ಈಗ ಯುನಿಕೋಡ್ ಫಾಂಟು ಹಾಕಿದರೆ ಸರಿಯಾಗಿ ಕೂರುತ್ತವೆ. ಹಳೆಯ ಕರಪತ್ರದ ಬರಹ ಮಾತ್ರ ನುಡಿಯ ಹಳೆ ಫಾಂಟಿನಲ್ಲಿತ್ತು, ಅದನ್ನು ಪರಿವರ್ತಿಸಿ ಮತ್ತೆ ಓದಿ ತಿದ್ದಿದೆ.

ಇಷ್ಟಾದರೂ ನಾಲ್ಕು ಪುಟ ಹಿಡಿಯಲಿಲ್ಲ. ಅರ್ಧ ಅಳತೆಯಲ್ಲೂ ಸುರಾಹಿ 155 ಮಿ.ಮೀ. ಅದರ ಕೆಳಗೆ 92ರ ಹೂದಾನಿ ಇಟ್ಟರೆ ಬರಹಕ್ಕೆ ಜಾಗವೇ ಇಲ್ಲ. ಪುಟ ಹೆಚ್ಚಿಸುವಂತಿಲ್ಲ. ಒಂದು ಫಾರಂಗೆ, ಅಂದರೆ ಎರಡೂ ಬದಿ ಅಚ್ಚಾಗುವ ಒಂದು ದೊಡ್ಡ ಹಾಳೆಗೆ, 16 ಪುಟ, ಮೂರು ಫಾರಂಗೆ 48. ಒಂದು ಪುಟ ಜಾಸ್ತಿಯಾದರೂ ಇನ್ನೊಂದು ಫಾರಂನ ಖರ್ಚು. ಕೆಲವು ಸಾಮಾನುಗಳನ್ನು ಬೇರೆ ಪುಟಗಳಿಗೆ ಹಂಚಿದೆ. ಎರಡು ಎಲ್ಲೂ ಕೂರಲಿಲ್ಲ. ಚಾಚಾಗೆ ಎರಡು ದಾರಿ ಹೇಳಿದೆ. ಆ ಎರಡನ್ನು ಕಾಲು ಅಳತೆಯಲ್ಲಿ ಹಾಕೋಣ, ಇಲ್ಲ ಬಿಡೋಣ.

"ಬಿಟ್ಟುಬಿಡು. ಒಂದು ಪುಸ್ತಕದಾಗ ಎರಡು ಮಾಪ ಬ್ಯಾಡ."

ಕಫ್‌ಲಿಂಕ್ ಪೂರ್ತಿ ಅಳತೆಯಲ್ಲಿದೆಯಲ್ಲ ಚಾಚಾ ಅಂದೆ. ಅದು ಸಣ್ಣದು, ಕೈಯಾಗ ಇಟ್ಟು ನೋಡಿದಂಗ ಇರ್ಲಿ ಅಂದರು. 86 ಇದ್ದದ್ದು 84 ಆಯಿತು.

ನವೆಂಬರ್ 24: ಎರಡನೆಯ ಪ್ರೂಫ್

48 ಪುಟ. ಪ್ರತಿ ಪುಟದ 100 ಮಿ.ಮೀ. ಗೆರೆ ಅಳೆದೆ, ಸರಿ. 84 ಸಾಮಾನೂ ಅಳೆದೆ. 81 ಅರ್ಧ ಮಿ.ಮೀ. ಒಳಗೆ ಬಂದವು. ಮೂರರಲ್ಲಿ ಒಂದು ಮಿ.ಮೀ.ಗೂ ಜಾಸ್ತಿ ವ್ಯತ್ಯಾಸ. ಎರಡರಲ್ಲಿ ಪಟ್ಟಿಯ ಅಂಕೆ ತಪ್ಪು, 164 ಬರೆಯಬೇಕಾದಲ್ಲಿ 146 ಇತ್ತು, ಅಂಥದ್ದು. ಮೂರನೆಯದು 31ನೇ ಪುಟದ ಹುಕ್ಕಾ ತಳ. ಅದರ ಎತ್ತರ ಸರಿ, ಹೊಟ್ಟೆಯ ಅಗಲ ಒಂದು ಮಿ.ಮೀ. ಜಾಸ್ತಿ. ದುಂಡು ಸಾಮಾನನ್ನು ಹತ್ತಿರದಿಂದ ತೆಗೆದರೆ ಉಬ್ಬಿದ ಹೊಟ್ಟೆ ಕ್ಯಾಮೆರಾಕ್ಕೆ ಹತ್ತಿರ ಇರುತ್ತದೆ. ಸ್ಕ್ರಿಪ್ಟಿನಿಂದ ಇದಕ್ಕೆ ಔಷಧ ಇಲ್ಲ, ದೂರ ನಿಂತು ಮತ್ತೆ ಫೋಟೊ ತೆಗೆಯಬೇಕು. ಎರಡು ಮೀಟರ್ ದೂರದಿಂದ ಜೂಮ್ ಮಾಡಿ ತೆಗೆದೆವು. ಹೊಟ್ಟೆಯೂ ಸರಿ ಬಂತು. ಮೊದಲೇ ಎಲ್ಲವನ್ನೂ ಹಾಗೆ ತೆಗೆದಿದ್ದರೆ ಸ್ಕೇಲಿನ ತಪ್ಪು ಕೂಡ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಖರ್ಚು

ಡಿಜಿಟಲ್ ಕ್ಯಾಲಿಪರ್ 450. ಎರಡು ಎಲ್‌ಇಡಿ ಬಲ್ಬು 240. ಬಿದ್ರಿಯ ಕಪ್ಪು ಮೈ ಕನ್ನಡಿಯಂತೆ ಹೊಳೆಯುತ್ತದೆ, ಅದಕ್ಕೆ ಸುತ್ತ ಬಿಳಿ ಚಾರ್ಟ್ ಶೀಟ್ ಕಟ್ಟಬೇಕಾಯಿತು, 60. ಮೂರು ಸುತ್ತಿನ ಪ್ರೂಫ್, ಒಟ್ಟು 108 ಪುಟ, 1,080. ಎಲ್ಲ ಸೇರಿ 1,830 ರೂಪಾಯಿ. ಕ್ಯಾಮೆರಾ ಗೆಳೆಯರದ್ದು. ಸ್ಕ್ರೈಬಸ್, ಗಿಂಪ್ ಎರಡೂ ಉಚಿತ.

ಸಮಯದ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಕೈಯಿಂದ ಮಾಡಿದ್ದರೆ ಇಪ್ಪತ್ತೊಂದೂವರೆ ಗಂಟೆ ಅಂದೆನಲ್ಲ. ಸ್ಕ್ರಿಪ್ಟಿನ ದಾರಿಯಲ್ಲಿ ಅಳೆಯುವುದೂ ಸೇರಿ 46 ಗಂಟೆ ಆಯಿತು. ಒಂದೇ ಸಲದ ಕೆಲಸವಾಗಿದ್ದರೆ ಕೈಯೇ ಮೇಲು. ಆದರೆ ಹೂದಾನಿಗಳ ಅಳತೆ ಬದಲಾದಾಗ ಒಮ್ಮೆ, ಪುಟ ಬದಲಾದಾಗ ಒಮ್ಮೆ, ಪಟ್ಟಿಯ ಅಂಕೆ ತಿದ್ದಿದಾಗ ಒಮ್ಮೆ, ಮೂರು ಸಲ ಎಲ್ಲ ಚಿತ್ರಗಳನ್ನೂ ಮತ್ತೆ ಜಾಗಕ್ಕೆ ತರಬೇಕಾಯಿತು. ಪ್ರತಿ ಸಲ ಹತ್ತು ಸೆಕೆಂಡು.

ನವೆಂಬರ್ 26

ಕೊನೆಯ ಪ್ರೂಫ್. ಚಾಚಾ ಮತ್ತೆ ದಾರ ತಂದರು. ಸುರಾಹಿ, ಹೂದಾನಿ, ಅತ್ತರ್‌ದಾನ್, ಹುಕ್ಕಾ ತಳ. ನಾಲ್ಕೂ ಸರಿ ಬಂದವು. ಐದನೆಯದಕ್ಕೆ ದಾರ ತೆಗೆಯಲಿಲ್ಲ, ಸುತ್ತಿ ಕಿಸೆಗೆ ಹಾಕಿಕೊಂಡರು. ನಾನು 100 ಮಿ.ಮೀ. ಗೆರೆಗಳನ್ನು ಎಲ್ಲ ಪುಟಗಳಿಂದ ತೆಗೆದು ಪಿಡಿಎಫ್ ಮಾಡಿದೆ. ಪ್ರೆಸ್ಸಿನವರಿಗೆ ಯಾವ ಕಾರಣಕ್ಕೂ ಪುಟವನ್ನು ಹೊಂದಿಸಬೇಡಿ, ಶೇ 100ರಲ್ಲೇ ಪ್ಲೇಟ್ ಮಾಡಿ ಅಂತ ಬರೆದು ಕಳಿಸಿದೆ. ಪಟ್ಟಿಯ ಪ್ರತಿ ಎರಡು ಪೆನ್‌ಡ್ರೈವಿನಲ್ಲಿದೆ, ಒಂದು ನನ್ನಲ್ಲಿ, ಒಂದು ಚಾಚಾನ ಹತ್ತಿರ. ಉರ್ದು ಬರಹದ ಇನ್ನೊಂದು ಕ್ಯಾಟಲಾಗು ಜನವರಿಯಲ್ಲಿ ಮಾಡೋಣ ಅಂದಿದ್ದಾರೆ. ಅದಕ್ಕೂ ಇದೇ ಪಟ್ಟಿ. ಈ ಸಲ ಹಾಳೆಯ ಅಳತೆ ಮೊದಲೇ ಕೇಳಿ ಬರೆದಿಟ್ಟುಕೊಂಡಿದ್ದೇನೆ.